ದಾರಿಗೆ ತುಂಬಿಕೊಟ್ಟ ನೀರು

ಓಬವ್ವಜ್ಜಿಗೆ, ಬಾಟ್ಲಿ ಹುಡುಗಿಯ ನಮಸ್ಕಾರ.

ದುರ್ಗದಿಂದ ಬರೆಯುತ್ತಿದ್ದೇನೆ. ನೀನು ಓದು ಬರಹ ಕಲಿತವಳಲ್ಲ, ಈಗ ಬದುಕಿಯೂ ಇಲ್ಲ. ಆದರೂ ಈ ಮಾತನ್ನು ನಿನಗೇ ಹೇಳಬೇಕು. ಲೋಟಕ್ಕೆ ನೀರು ಬಗ್ಗಿಸಿಕೊಂಡಾಗಲೆಲ್ಲ ನೀನು ಎದುರಿಗೆ ಬಂದು ಕೂತಂತಾಗುತ್ತದೆ. ಮೂಸಿ ನೋಡದೆ ಕುಡಿಯಲಾರೆ. ಅಮ್ಮಿ ಬೈಯುತ್ತಾಳೆ.

ಮೂರು ವರ್ಷದ ಹಿಂದೆ ರಾಮಗಿರಿ ಸ್ಟೇಷನ್ನಿನ ಆಚೆ ನಿನ್ನ ಹೊಲದ ಮನೆಗೆ ಬಂದೆನಲ್ಲ, ಯಾಕೆ ಬಂದೆನೆಂದು ಸರಿಯಾಗಿ ಹೇಳಲೇ ಇಲ್ಲ. ಹೊಲದ ಮೇಲ್ಗಡೆಯ ಡೀಸೆಲ್ ಟ್ಯಾಂಕುಗಳನ್ನೂ ಅವಕ್ಕೆ ಬರುವ ಪೈಪ್‌ಲೈನನ್ನೂ ಒಂದು ಕಂಪನಿ ಕೊಳ್ಳಲು ಹೊರಟಿತ್ತು. ಕೊಳ್ಳುವ ಮೊದಲು ಸುತ್ತಲಿನ ಮಣ್ಣಿಗೆ, ನೀರಿಗೆ ಎಣ್ಣೆ ಇಳಿದಿದೆಯೇ ಎಂದು ನೋಡಿ ವರದಿ ಕೊಡುವುದು ನನ್ನ ಕೆಲಸ. ಬೋರ್‌ವೆಲ್ಲನ್ನು ಅರ್ಧ ಗಂಟೆ ಓಡಿಸಿ, ಪೈಪಿನ ಬಾಯಿಂದ ನನ್ನ ಕೈಯಾರೆ ಬಾಟ್ಲಿ ತುಂಬಬೇಕು. ಅದು ನಿಯಮ.

ಅವತ್ತು ಕರೆಂಟಿರಲಿಲ್ಲ. ಸುಡುವ ಬಿಸಿಲು, ಇನ್ನೂ ನಾಲ್ಕು ಕಡೆ ಹೋಗಬೇಕಿತ್ತು. "ಅಜ್ಜಿ, ಈ ಬಾಟ್ಲಿಗೆ ಸ್ವಲ್ಪ ನೀರು ಬೇಕಿತ್ತು" ಅಂದೆ. ಅಂದದ್ದು ಅಷ್ಟೇ. ನೀನು ಒಳಗೆ ಹೋಗಿ ಕೊಡದಿಂದ ತುಂಬಿಸಿ ತಂದೆ. "ತಗಾ ಮಗಾ, ದಾರಿಗೆ ಆಗ್ತೈತೆ. ಬಿಸ್ಲು ಕೆಟ್ಟದೈತೆ" ಅಂದೆ. ದಾರಿಗೆ ಅಂದ ಮೇಲೂ ನನಗೆ ಹೊಳೆಯಲಿಲ್ಲ. ಬೆಳಿಗ್ಗೆ ಬೋರಿನಿಂದ ಹಿಡಿದಿಟ್ಟದ್ದಿರಬೇಕು ಅಂದುಕೊಂಡೆ. ಚೀಟಿಯಲ್ಲಿ 'ಬೋರ್‌ವೆಲ್ ನೀರು' ಎಂದು ಬರೆದು ಅಂಟಿಸಿದೆ. ಎಂಥ ಮಂಕು ನಾನು!

ಹದಿನೈದು ದಿನ ಬಿಟ್ಟು, ಲ್ಯಾಬಿನ ಫಲಿತಾಂಶ ಬಂದಾಗ ನಾನೇ ಫೋನ್ ಮಾಡಿ, ನಿನ್ನ ಬೋರಿನ ನೀರಲ್ಲಿ ಏನೂ ದೋಷವಿಲ್ಲ ಅಂದೆ. "ಹೌದೇನವ್ವ? ನನ್ನ ಮೊಣಕಾಲು ಬದುಕ್ತು ಬಿಡು, ಇನ್ನ ಊರೊಳಕ್ಕೆ ನೀರಿಗೆ ಹೋಗಾದು ತಪ್ತು" ಎಂದು ನಕ್ಕೆ. ಆ ನಗು ನನ್ನ ಕಿವಿ ಬಿಟ್ಟು ಹೋಗಿಲ್ಲ.

ಈ ವರ್ಷ ಅದೇ ಟ್ಯಾಂಕುಗಳನ್ನು ಇನ್ನೊಂದು ಕಂಪನಿ ಕೊಳ್ಳುತ್ತಿದೆ. ಮತ್ತೆ ನನ್ನನ್ನೇ ಕಳಿಸಿದರು. ಬಾಗಿಲಲ್ಲಿ ನಿನ್ನ ಸೊಸೆ ಅನುಸೂಯ ಇದ್ದಳು. "ಅತ್ತೆ ಹೋಗಿ ಎಂಟು ತಿಂಗ್ಳಾತು ಕಣ್ರಿ. ಊಟನೇ ಸೇರ್ತಿರ್ಲಿಲ್ಲ. ನಿಮ್ಮನ್ನ ಭಾಳ ನೆನೆಸ್ತಿದ್ರು. ಬಾಟ್ಲಿ ಹುಡ್ಗಿಗೆ ದಾರಿಗೆ ಅಂತ ಊರೊಳಗಿನ ಶುದ್ಧ ನೀರಿನ ಘಟಕದ ನೀರು ತುಂಬಿಕೊಟ್ಟೆ ಅನ್ನೋರು. ಬೋರಿನ ನೀರು ಸೀಮೆಎಣ್ಣೆ ವಾಸ್ನೆ ಐತೆ, ಬಂದೋರಿಗೆ ಅದನ್ನ ಹೆಂಗೆ ಕೊಡಾದು ಅಂತ. ನೀವು ಫೋನ್ ಮಾಡಿದ್ಮೇಲೆ ಅದನ್ನೇ ಕುಡಿಯಾಕ ಹತ್ತಿದ್ರು. ಬ್ಯಾಡ ಅಂದ್ರೆ, ಓದಿರೋ ಹುಡ್ಗಿ ಸುಳ್ಳು ಹೇಳ್ತಾಳೇನೇ ಅಂತ ನನ್ನೇ ಬೈಯೋರು."

ಈ ಸಲ ನಿಯಮದಂತೆ ಅರ್ಧ ಗಂಟೆ ಮೋಟಾರು ಓಡಿಸಿದೆ, ಅಜ್ಜಿ. ಬಾಟ್ಲಿ ಅರ್ಧ ತುಂಬುವಷ್ಟರಲ್ಲೇ ವಾಸನೆ ಮೂಗಿಗೆ ಬಡಿಯಿತು. ಈ ನೀರು ಬಾಯಿಗೆ ಹಾಕಬೇಡಿ ಎಂದು ಅನುಸೂಯಗೆ ಹೇಳಿ ಬಂದೆ. ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ಬರಲಿಲ್ಲ. ನೀನು ಸತ್ತದ್ದು ಅದರಿಂದಲೇ ಎಂದು ಯಾವ ಡಾಕ್ಟರೂ ಹೇಳಿಲ್ಲ. ಅಲ್ಲವೆಂದೂ ಹೇಳಿಲ್ಲ. ಆ ನಡುವೆ ನಾನು ಸಿಕ್ಕಿಕೊಂಡಿದ್ದೇನೆ.

ನಮ್ಮ ಮೇಲಧಿಕಾರಿ ಕಲ್ಲೇಶ್ ಸರ್, "ಹಳೇದರ ಸುದ್ದಿ ಯಾಕಮ್ಮ? ಆ ವರದಿ ಆದಮೇಲೆ ಸೋರಿದೆ ಅಂತ ಬರೆದರಾಯ್ತು" ಅಂದರು. ಬರೆದಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಹಿಂದಿನ ವರದಿ ತಪ್ಪು, ಆ ನೀರು ಬೋರಿನದಲ್ಲ, ತಪ್ಪು ನನ್ನದು ಎಂದು ಹೆಸರು ಹಾಕಿ ಎರಡೂ ಕಂಪನಿ ಸೇರಿದಂತೆ ಎಲ್ಲರಿಗೂ ಕಳಿಸಿದೆ. ಮರುದಿನದಿಂದ ಆಫೀಸಿಗೆ ಬರಬೇಡ ಅಂದರು.

ನಿನ್ನೆ ಹೋಗಿ ಅನುಸೂಯಗೆ ಎಲ್ಲ ಹೇಳಿದೆ. ಉಗಿಯುತ್ತಾಳೆ ಅಂದುಕೊಂಡಿದ್ದೆ, ಉಗಿದಿದ್ದರೆ ಚೆನ್ನಾಗಿತ್ತು. ನಾನು ಎದ್ದಾಗ ಅವಳು ಒಳಗೆ ಹೋಗಿ ಒಂದು ಬಾಟ್ಲಿ ತಂದು ಕೈಗಿಟ್ಟಳು. "ಘಟಕದ್ದೇ ಐತೆ. ಬಿಸ್ಲು" ಅಂದಳು. ನನ್ನ ಮುಖ ನೋಡಲಿಲ್ಲ. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದುರ್ಗದವರೆಗೂ ಬಂದೆ. ಬಾಯಿ ಒಣಗಿತ್ತು, ಮುಚ್ಚಳ ತೆಗೆಯಲು ಆಗಲಿಲ್ಲ.

ನೀನು ಮಲಗಿರುವ ಮಣ್ಣಿಗಾದರೂ ಆ ವಾಸನೆ ತಟ್ಟದಿರಲಿ, ಅಜ್ಜಿ.

ನಿನ್ನ ಬಾಟ್ಲಿ ಹುಡುಗಿ,
ಅರ್ಫಾ