ಬಾಗಾ ಹಣ್ಣಾಗುವವರೆಗೆ

ಕಂತನ್ಯೆದ್
ಭಾನುವಾರ, ೧೮ ಅಕ್ಟೋಬರ್ ೧೯೮೭

ಪ್ರೀತಿಯ ಅಕ್ಕನಿಗೆ,

ನೀನೂ ಭಾವನೂ ಕ್ಷೇಮವೆಂದು ನಂಬಿದ್ದೇನೆ. ಭಾವನಿಗೆ ಈಗ ಕೋಲಿಲ್ಲದೆ ನಡೆಯಲು ಬರುತ್ತದೆಯೇ? ಫೆಬ್ರವರಿಯಲ್ಲಿ ನೀನು ಕಳಿಸಿದ ತಂತಿ ಬಂತು, ಆಮೇಲಿನ ಎರಡು ಕಾಗದಗಳೂ ಬಂದವು. ಭಾವನನ್ನು ಆಸ್ಪತ್ರೆಯಲ್ಲಿ ಬಿಟ್ಟು ನಮ್ಮ ಯಜಮಾನರು ಅಬಿಲಿಯೊ ಅವರ ಮಣ್ಣಿಗೆ ಬರಲಾಗಲಿಲ್ಲವೆಂದು ಮೂರು ಕಡೆ ಬರೆದಿದ್ದೀಯ. ಅದಕ್ಕೆ ನನಗೆ ಬೇಸರವಿಲ್ಲ. ಎಂಟು ತಿಂಗಳು ನಾನು ಉತ್ತರ ಬರೆಯದೆ ಇದ್ದದ್ದೂ ಕೋಪದಿಂದಲ್ಲ. ಬರೆಯಲು ಕೂತರೆ 'ಪ್ರೀತಿಯ ಅಕ್ಕನಿಗೆ' ಎಂಬಲ್ಲಿಗೆ ಕೈ ನಿಂತುಬಿಡುತ್ತಿತ್ತು. ತಪ್ಪಾಯಿತು. ಇವತ್ತು ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವಳೇ, ಮನಸ್ಸು ಬದಲಾಗುವ ಮೊದಲು, ಕೂತಿದ್ದೇನೆ.

ಅವರಿಲ್ಲದ ಮೊದಲ ಕೊಯ್ಲು ಮುಗಿಯಿತು ಅಕ್ಕ. ಬಿಳಿ ದ್ರಾಕ್ಷಿಯದೇನೂ ತೊಂದರೆಯಾಗಲಿಲ್ಲ. ಎಂದಿನಂತೆ ಕೊಯ್ಯಲು ಗೆಳತಿ ಜುಲ್ಮಿರಾ ತನ್ನ ಇಬ್ಬರು ಸೊಸೆಯರನ್ನು ಕರೆದುಕೊಂಡು ಬಂದಳು. ಸೆಪ್ಟೆಂಬರಿನ ಮೊದಲ ವಾರದಲ್ಲೇ ಮರಿಯಾ ಗೋಮಿಶ್ ಬಳ್ಳಿಯ ಬಿಳಿ ದ್ರಾಕ್ಷಿಯನ್ನು ಪೂರ್ತಿ ಕೊಯ್ದು ಮುಗಿಸಿದೆವು. ನಿಮ್ಮ ಅಲ್ಮೆಯರಿಂ ಬಯಲಿನಲ್ಲಿ ಅದೇ ಬಳ್ಳಿಗೆ ಫೆರ್ನಾಂವ್ ಪಿರೆಶ್ ಎನ್ನುತ್ತಾರಲ್ಲ, ಅದಕ್ಕೆ ಅಬಿಲಿಯೊ ನಗುತ್ತಿದ್ದರು. "ನಮ್ಮಲ್ಲಿ ಹೆಂಗಸು, ರೈಲು ಹತ್ತಿ ದಕ್ಷಿಣಕ್ಕೆ ಹೋದ್ರೆ ಗಂಡಸು! ನಿಮ್ ಭಾವನ್ನ ಕೇಳು, ಮೀಸೆ ಎಲ್ಲಿ ಬರತ್ತಂತೆ ಅಂತ!" ಈ ಸಲ ಬುಟ್ಟಿ ಹೊರುವಾಗ ಜುಲ್ಮಿರಾ ಆ ಮಾತನ್ನೇ ಆಡಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಕಷ್ಟವಾದದ್ದು ಬಾಗಾ. ಆ ಕಪ್ಪು ದ್ರಾಕ್ಷಿಯ ಹಟ ನಿನಗೆ ಗೊತ್ತೇ ಇದೆ. ಬೇಗ ಕೊಯ್ದರೆ ವೈನ್ ಬಾಯಿಗಿಡಲಾಗದಷ್ಟು ಒಗರು, ಕಾದರೆ ಮಳೆ ಬಂದು ಗೊಂಚಲೇ ಕೊಳೆಯುತ್ತದೆ. ಯಾವತ್ತು ಕೊಯ್ಯಬೇಕೆಂದು ಹೇಳುತ್ತಿದ್ದವರು ಅವರು. ಹಣ್ಣಿನ ಬೀಜ ಅಗಿದು, ಉಗಿದು, "ಇಲ್ಲ, ಇನ್ನೂ ಇಲ್ಲ" ಅನ್ನುತ್ತಿದ್ದರು. ಮೂವತ್ತೊಂದು ವರ್ಷ ನಾನು ಪೀಪಾಯಿ ತೊಳೆದೆ, ಕೊಯ್ಯುವವರಿಗೆ ಅಡಿಗೆ ಮಾಡಿ ಬಡಿಸಿದೆ. ಒಂದು ಬೀಜವನ್ನೂ ಅಗಿದು ನೋಡಲಿಲ್ಲ. ಅವರು ನೋಡು ಅನ್ನಲಿಲ್ಲ, ನಾನು ಕೊಡಿ ಅನ್ನಲಿಲ್ಲ.

ಸೆಪ್ಟೆಂಬರ್ ಕೊನೆಗೆ ಊರೆಲ್ಲ ಕೊಯ್ದು ಮುಗಿಸಿತ್ತು. ಪಕ್ಕದ ತೋಟದ ಬೆಲರ್ಮಿನು ಗೋಡೆಯಾಚೆಯಿಂದ ಕೂಗಿದ. ತನ್ನ ಬಾಗಾ ಕಿತ್ತುಹಾಕಿ ಫ್ರೆಂಚ್ ಬಳ್ಳಿ ನೆಟ್ಟವನು ಅವನೇ.

"ದೆಯೊಲಿಂದಾ, ನಾಳೆನೇ ಕುಯ್ಸಿಬಿಡು. ಗುರುವಾರ ಮಳೆ ಅಂತ ರೇಡಿಯೋದಲ್ಲಿ ಹೇಳ್ತು."

"ಇನ್ನೂ ಹಣ್ಣಾಗಿಲ್ಲ."

"ಅದು ನಿನಗೆ ಹೆಂಗೆ ಗೊತ್ತು? ಅಬಿಲಿಯೊ ನಾಲಗೆ ನಿನಗೆ ಬಿಟ್ಟುಹೋಗಿದ್ದಾನಾ?"

"ಆ ನಾಲಗೆಗೆ ಮೂವತ್ತೊಂದು ವರ್ಷ ಉಪ್ಪು ಹಾಕಿದೋಳು ನಾನು, ಬೆಲರ್ಮಿನು!"

ಹೇಳುವುದನ್ನು ಹೇಳಿ ಒಳಗೆ ಬಂದೆ. ನಿಜ ಹೇಳಬೇಕೆಂದರೆ ನನಗೆ ಏನೂ ಗೊತ್ತಿರಲಿಲ್ಲ. ದಿನಾ ಬೆಳಗ್ಗೆ ಮಂಜಿನಲ್ಲಿ ಹೋಗಿ ಪ್ರತಿ ಸಾಲಿನಲ್ಲೂ ಒಂದು ಹಣ್ಣು ಕಿತ್ತು ಅಗಿಯುತ್ತಿದ್ದೆ. ಬರೀ ಕಹಿ. ಏನನ್ನು ಹುಡುಕಬೇಕೆಂದೇ ತಿಳಿಯದೆ ಹುಡುಕುವುದು. ಕೇಳೋಣವೆಂದರೆ ಯಾರನ್ನು? ಗುರುವಾರ ಮಳೆ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಈ ತಿಂಗಳ ಒಂಬತ್ತನೆಯ ತಾರೀಖು ಬೆಳಗ್ಗೆ ಬೀಜ ಹಲ್ಲಿಗೆ ಸಿಕ್ಕು, ಹುರಿದ ಬಾದಾಮಿಯಂತೆ ಪಟಕ್ಕನೆ ಒಡೆಯಿತು. ಕಹಿಯಿರಲಿಲ್ಲ. ಇನ್ನೊಂದು ಅಗಿದೆ, ಅದೂ ಹಾಗೆಯೇ. ಕೆಸರಿನ ಕಾಲಿನಲ್ಲೇ ಜುಲ್ಮಿರಾಳ ಮನೆಗೆ ಓಡಿದೆ. ಅವಳು ನನ್ನ ಮುಖ ನೋಡಿ ಬೆಚ್ಚಿಬಿದ್ದಳು.

"ಯಾರಿಗೇನಾಯ್ತೇ?"

"ಬಾಗಾ ಹಣ್ಣಾಗಿದೆ."

"ಅಯ್ಯೋ ಹುಚ್ಚಿ, ದ್ರಾಕ್ಷಿ ಹಣ್ಣಾದ್ರೆ ಅಳ್ತಾರಾ ಯಾರಾದ್ರೂ?"

ಮಂಗಳವಾರ ಶುರುಮಾಡಿದೆವು. ಬುಧವಾರ ಮಧ್ಯಾಹ್ನ ಮೇಲಿನ ಅರ್ಧ ಮುಗಿಯುವಷ್ಟರಲ್ಲಿ ಆಕಾಶ ಹರಿದುಬಿತ್ತು. ಬೆಲರ್ಮಿನು ಕರೆಯದೆಯೇ ತನ್ನ ಟ್ರ್ಯಾಕ್ಟರ್ ತಂದು, ತೊಯ್ಯುತ್ತಲೇ ಬುಟ್ಟಿಗಳನ್ನೆಲ್ಲ ಸಾಗಿಸಿದ. ಕೆಳಗಿನ ಅರ್ಧ ಬಳ್ಳಿಯಲ್ಲೇ ಉಳಿಯಿತು. ಶನಿವಾರದ ಹೊತ್ತಿಗೆ ಅದಕ್ಕೆಲ್ಲ ಬೂದಿಬಣ್ಣದ ಬೂಷ್ಟು. ಅರ್ಧ ಬೆಳೆ ನನ್ನ ಹಟಕ್ಕೆ ಹೋಯಿತು, ಇನ್ನರ್ಧ ನನ್ನ ಹಟದಿಂದಲೇ ಬಂತು. ತೊಟ್ಟಿಯಲ್ಲಿದ್ದ ಹಣ್ಣನ್ನು ಬೆಲರ್ಮಿನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ.

"ನಿನಗೂ ಅವನಂಗೇ ಹುಚ್ಚು," ಅಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವುದಿಲ್ಲ.

ಕೊಯ್ಲಿನ ಊಟಕ್ಕೆ ಎಳೆಹಂದಿ ಸುಡಿಸಿದ್ದೆ, ಮೆಕ್ಕೆಜೋಳದ ರೊಟ್ಟಿ ಮಾಡಿದ್ದೆ. ಎಲ್ಲರೂ ಚೆನ್ನಾಗಿ ಉಂಡರು. ಮೇಜಿನ ತುದಿಯ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಬಂದವರೆಲ್ಲ ಹೋದ ಮೇಲೆ ಹದಿಮೂರು ತಟ್ಟೆ ತೊಳೆದೆ, ಆಮೇಲೆ ತೊಳೆದ ತಟ್ಟೆಗಳನ್ನೇ ಇನ್ನೊಮ್ಮೆ ತೊಳೆದೆ. ಈಗ ರಸ ತೊಟ್ಟಿಯಲ್ಲಿ ಹುಳಿಯುತ್ತಿದೆ. ದಿನಕ್ಕೆ ಮೂರು ಸಲ ಹೋಗಿ ಮೇಲೆ ಬಂದ ಸಿಪ್ಪೆಯನ್ನು ಕೆಳಗೆ ಒತ್ತಿ ಬರುತ್ತೇನೆ. ಗುಳುಗುಳು ಅನ್ನುತ್ತಿರುತ್ತದೆ. ಈ ಮನೆಯಲ್ಲಿ ನನ್ನ ಜೊತೆ ಸದ್ದು ಮಾಡುವುದು ಅದೊಂದೇ. ನಿನ್ನೆ ಅದಕ್ಕೆ "ಸಾಕು, ಗೊತ್ತಾಯ್ತು" ಅಂದೆ, ಅಂದಮೇಲೆ ನನಗೇ ನಾಚಿಕೆಯಾಯಿತು.

ಭಾವನಿಗೆ ಹುಷಾರಾಗಿರಲು ಹೇಳು. ನಿನ್ನ ಮೊಮ್ಮಗಳು ಹಲ್ಲು ಬಿಟ್ಟು ನಗುವ ಫೋಟೋ ಕಳಿಸು. ದೇವರು ನಿಮ್ಮ ಮನೆಯ ಎಲ್ಲರನ್ನೂ ತಣ್ಣಗೆ ಇಟ್ಟಿರಲಿ, ತಾಯಿ ಮರಿಯಾಳ ನೆರಳು ನಿನ್ನ ತಲೆಯ ಮೇಲಿರಲಿ.

ನಿನ್ನ ತಂಗಿ,
ದೆಯೊಲಿಂದಾ

ಮರೆತು ಬಿಟ್ಟದ್ದಲ್ಲ ಇದು, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಕೊನೆಯ ನಾಲ್ಕು ದಿನ ಅವರಿಗೆ ಜ್ವರ ನೆತ್ತಿಗೇರಿತ್ತು. ನನ್ನನ್ನು ಗ್ರಸಿಯೆತ್ ಎಂದು ನಿನ್ನ ಹೆಸರಿನಿಂದ ಕರೆಯುತ್ತಿದ್ದರು. ಮೊದಲ ದಿನ "ನಾನು ದೆಯೊಲಿಂದಾ ಕಣ್ರೀ" ಅಂದೆ. ಮುಖ ಎಷ್ಟು ಸಣ್ಣದು ಮಾಡಿಕೊಂಡರೆಂದರೆ, ಮರುದಿನದಿಂದ "ಹೂಂ, ಇಲ್ಲೇ ಇದೀನಿ" ಅನ್ನತೊಡಗಿದೆ. ಮೂರನೆಯ ದಿನ ಅಂದರು, "ಗ್ರಸಿಯೆತ್, ನಿನಗೆ ನಾನು ಅನ್ಯಾಯ ಮಾಡ್ದೆ. ಕ್ಷಮಿಸಿದೀನಿ ಅಂತ ಒಂದ್ ಮಾತು ಹೇಳು." ನಾನು ಹೇಳಿದೆ, "ಯಾವತ್ತೋ ಕ್ಷಮಿಸಿದೀನಿ." ನಿದ್ದೆ ಹೋದರು, ಮರುದಿನ ಬೆಳಗ್ಗೆ ಹೋಗಿಬಿಟ್ಟರು. ನನಗಿಂತ ಮೊದಲು ನಿನಗೂ ಅವರಿಗೂ ಮದುವೆಯ ಮಾತಾಗಿತ್ತು, ಆಮೇಲೆ ಮುರಿಯಿತು. ಏಕೆಂದು ಅಮ್ಮ ಹೇಳಲಿಲ್ಲ. ನಾನೂ ಕೇಳಲಿಲ್ಲ, ಹತ್ತೊಂಬತ್ತು ವರ್ಷದವಳು, ಖುಷಿಯಲ್ಲಿದ್ದೆ. ಈಗಲೂ ಕೇಳುವುದಿಲ್ಲ. ಆದರೆ ನಿನ್ನ ಕ್ಷಮೆಯನ್ನು ನಿನ್ನನ್ನು ಕೇಳದೆ ಕೊಟ್ಟುಬಿಟ್ಟೆ ಅಕ್ಕ. ಅವರು ಮಾಡಿದ್ದು ಕ್ಷಮಿಸುವಂಥದ್ದಲ್ಲವಾದರೆ ಒಂದು ಸಾಲು ಬರೆ, ಸ್ಮಶಾನಕ್ಕೆ ಹೋಗಿ ನಾನೇ ಅವರಿಗೆ ಹೇಳಿ ಬರುತ್ತೇನೆ. ಇನ್ನೊಂದು ಮಾತು, ನಿನಗಲ್ಲದೆ ಯಾರಿಗೂ ಹೇಳಲಾಗದ್ದು. ಆ ನಾಲ್ಕು ದಿನವೂ ಅವರು ನನ್ನ ಕೈ ಬಿಡಲೇ ಇಲ್ಲ. ಮದುವೆಯಾದಂದಿನಿಂದ ಅವರು ಅಷ್ಟು ಹೊತ್ತು ನನ್ನ ಕೈ ಹಿಡಿದದ್ದು ಅದೇ ಮೊದಲು.