ಎಣ್ಣೆ ಕಾಣದ ಎರಡು ಸಾವಿರ ಗುಂಡು

ಮಾರ್ಚ್ ೧೪, ಗುರುವಾರ
ಮಧ್ಯಾಹ್ನ, ಊಟವಾದ ಮೇಲೆ

ಮುಳ್ಳುತಂತಿಗಳ ಮಹಾಮಂಡಲಾಧೀಶ್ವರ, ಮರಳುಗಾಳಿಯ ಸರದಾರ, ಮೂರು ಒಂಟಿಮರ ಹಾಗೂ ಒಂದು ಸೋರುವ ನೀರಿನ ಟ್ಯಾಂಕಿನ ಏಕಮಾತ್ರ ಸಂರಕ್ಷಕ, ಬಾಲ್ಯದಲ್ಲಿ ಹಲ್ಲಿಗೆ ಹೆದರಿ ಮಂಚದ ಮೇಲೆ ನಿಂತು ಅರಚಿದ ವೀರಾಧಿವೀರ, ಶ್ರೀಮಾನ್ ಅಣ್ಣನವರ ಬೂಟುಗಳ ಸನ್ನಿಧಾನಕ್ಕೆ,

ಕಿರಿಯನು ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ತಡವಾದದ್ದಕ್ಕೆ ಕಾರಣಗಳನ್ನು ಸಿದ್ಧಪಡಿಸಿಕೊಂಡಿದ್ದೆ: ಶಾಯಿ ಮುಗಿದಿತ್ತು, ಅಂಚೆಚೀಟಿಯನ್ನು ಬೆಕ್ಕು ನೆಕ್ಕಿಬಿಟ್ಟಿತು, ಬಲಗೈ ಹೆಬ್ಬೆರಳು ದೀರ್ಘ ರಜೆಯ ಮೇಲೆ ಹೋಗಿತ್ತು. ನೀನು ಯಾವುದನ್ನೂ ನಂಬುವವನಲ್ಲ. ಕ್ಷಮಿಸಿಬಿಡು.

ಅಮ್ಮ ಚೆನ್ನಾಗಿದ್ದಾಳೆ. ಹಿಂದಿನ ಬೀದಿಯ ಶಾಲೆಯವರು ನಲವತ್ತು ಜೊತೆ ಸಮವಸ್ತ್ರ ಹೊಲಿಯಲು ಕೊಟ್ಟಿದ್ದಾರೆ, ಮಿಷನ್ನು ದಿನವಿಡೀ ಕಟಕಟ ಅನ್ನುತ್ತಿರುತ್ತದೆ. ಅದಕ್ಕೆ ಅವಳು ಎಣ್ಣೆ ಬಿಡಲು ಕೂತಾಗ ಮಾತ್ರ ನಾನು ಎದ್ದು ಹೊರಗೆ ಹೋಗುತ್ತೇನೆ. "ಇವನಿಗೇನು ಬಂತೋ, ಎಣ್ಣೆ ಡಬ್ಬಿ ಕಂಡ್ರೆ ದೆವ್ವ ಕಂಡೋರ ಹಾಗೆ ಓಡ್ತಾನೆ" ಅನ್ನುತ್ತಾಳೆ. ಅವಳು ತಮಾಷೆಗೆ ಹೇಳುವುದು. ಅದು ದೆವ್ವವೇ, ಅಣ್ಣ.

ನಿನ್ನ ಕಾಗದವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಈಗ ಅವರಿಗೆ ಎಲ್ಲವನ್ನೂ ಗಟ್ಟಿಯಾಗಿಯೇ ಹೇಳಬೇಕಂತೆ. ನಿಮ್ಮ ಗಡಿ ಠಾಣೆಯ ಸಾಹೇಬರು ಅಪ್ಪನ ಸಹಿ ಇರುವ ಪರೀಕ್ಷಾ ಪತ್ರವನ್ನು ಗೋಡೆಗೆ ಅಂಟಿಸಿದ್ದು, "ಈ ಮಾದರಿ ರೈಫಲ್ಲು ಎರಡು ಸಾವಿರ ಗುಂಡು ಒಣಗೇ ಓಡಿದೆ, ಇನ್ನು ಒರೆಸೋ ಕೆಲಸ ಬೇಡ" ಅಂದದ್ದು, ಎಣ್ಣೆ ಡಬ್ಬಿಗಳನ್ನು ವಾಪಸು ಕಳಿಸಿದ್ದು, ಬಟ್ಟೆಚೂರಿನಲ್ಲಿ ನೀವೆಲ್ಲ ಬೂಟು ಹೊಳೆಸಿಕೊಂಡದ್ದು, ಎಲ್ಲ ಓದಿದೆ. ನೀನು ಎರಡು ತಿಂಗಳಿಂದ ನಿನ್ನದನ್ನು ಬಿಚ್ಚಿಯೇ ಇಲ್ಲವೆಂದು ಹೆಮ್ಮೆಯಿಂದ ಬರೆದಿದ್ದೀಯ. ಆಮೇಲೆ ಕೊನೆಯ ಸಾಲು: "ನಿನ್ನೆ ಗುಂಡು ಒಳಗೆ ತಳ್ಳೋ ಬೋಲ್ಟು ಯಾಕೋ ನಿಧಾನವಾಗಿ ಮುಂದಕ್ಕೆ ಬಂತು, ನಿದ್ದೆಗಣ್ಣಲ್ಲಿ ಎದ್ದು ಬರೋರ ಹಾಗೆ. ಒಂದು ಏಟು ಕೊಟ್ಟೆ, ಸರಿಹೋಯ್ತು."

ಆ ಸಾಲನ್ನು ಅಪ್ಪ ಇನ್ನೊಮ್ಮೆ ಓದಿಸಿದರು. ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡರು. "ಹೇಗೆ ಸದ್ದು ಮಾಡ್ತಿದೆ ಅಂತ ಬರೆದು ಕೇಳೋ. ನನ್ನ ಕಿವಿಯಂತೂ ಹೋಯ್ತು. ಅವನ ಕಿವಿಯಾದ್ರೂ ಹೇಳ್ಲಿ" ಅಂದರು.

ಅವರ ಕಿವಿ ಹೋಗಿಲ್ಲ, ಅಣ್ಣ. ಈ ಕಾಗದ ಇರುವುದೇ ಅದನ್ನು ಹೇಳಲಿಕ್ಕೆ.

ಪರೀಕ್ಷೆ ನಡೆದದ್ದು ಹೋದ ವರ್ಷ, ನಾನು ಬಂದೂಕು ಕಾರ್ಖಾನೆಯಲ್ಲಿ ಅಪ್ಪನ ಕೈಕೆಳಗೆ ಸಹಾಯಕನಾಗಿ ಸೇರಿದ ಹೊಸತರಲ್ಲಿ. ತಗಡಿನ ಚಾವಣಿಯ ಉದ್ದನೆಯ ಶೆಡ್ಡು, ಆ ತುದಿಯಲ್ಲಿ ಮರಳಿನ ಗುಡ್ಡೆ, ಈ ತುದಿಯಲ್ಲಿ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದ ಒಂದು ಹೊಸ ರೈಫಲ್ಲು. ಎರಡು ಸಾವಿರ ಗುಂಡು ಹಾರಿಸಬೇಕು. ಒರೆಸುವ ಹಾಗಿಲ್ಲ, ಎಣ್ಣೆ ಬಿಡುವ ಹಾಗಿಲ್ಲ, ಬೆರಳು ಕೂಡ ತಾಗಿಸುವ ಹಾಗಿಲ್ಲ. ತಾನಾಗಿ ಎಲ್ಲಿ ನಿಲ್ಲುತ್ತದೋ ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದರೆ ಮುಗಿಯಿತು. ನಾನು ಅದಕ್ಕೆ ಸ್ನಾನತ್ಯಾಗಿನಿ ಮಹಾರಾಣಿ ಎಂದು ಬಿರುದು ಕೊಟ್ಟು, ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವಾಗ "ಮಹಾರಾಣಿಯವರು ಇಂದೂ ಮೈ ತೊಳೆಯಲಾರರು, ಪ್ರಜೆಗಳು ಮೂಗು ಮುಚ್ಚಿಕೊಳ್ಳತಕ್ಕದ್ದು!" ಎಂದು ಕೂಗುತ್ತಿದ್ದೆ. ಅಪ್ಪ ನಗುತ್ತಿರಲಿಲ್ಲ. ಹತ್ತಿಯ ಉಂಡೆ ತುರುಕಿದ ಕಿವಿಯಲ್ಲೇ ಅವರಿಗೆ ಅದರ ಒಂದೊಂದು ಉಸಿರೂ ಕೇಳುತ್ತಿತ್ತು. "ಈಗ ಬಾಯಾರ್ತಿದೆ. ನೋಡ್ತಿರು, ಐನೂರು ದಾಟಲ್ಲ" ಅಂದಿದ್ದರು.

ಮೂರನೆಯ ದಿನ ಬೆಳಿಗ್ಗೆ ಲೆಕ್ಕ ಮುನ್ನೂರ ಅರವತ್ತಕ್ಕೆ ಬಂದಾಗ ಅವರ ದವಡೆ ಹಲ್ಲು ಕೈಕೊಟ್ಟಿತು. "ಕೀಳಿಸ್ಕೊಂಡು ಬರ್ತೀನಿ. ನಾನು ಬರೋ ತನಕ ಮುಟ್ಟಬೇಡ. ಖಾಲಿ ತೋಟಾ ಎಣಿಸ್ತಾ ಕೂತಿರು" ಅಂತ ಹೇಳಿ ಹೋದರು. ನಾನೇನು ಮಾಡಿದೆ ಗೊತ್ತೇ? ಜೇಬಿನಲ್ಲಿದ್ದ ಅಮ್ಮನ ಮಿಷನ್ನಿನ ಎಣ್ಣೆ ಡಬ್ಬಿ ತೆಗೆದು ಮಹಾರಾಣಿಯವರಿಗೆ ಅಭ್ಯಂಜನ ಮಾಡಿಸಿದೆ. ಅಪ್ಪನನ್ನು ಒಮ್ಮೆ ಸೋಲಿಸಿ ನೋಡುವ ಕುಚೇಷ್ಟೆ. ಆಮೇಲಿನ ದಿನಗಳಲ್ಲೂ ಅವರು ಚಹಾಕ್ಕೆ ಎದ್ದಾಗಲೆಲ್ಲ ಎರಡೆರಡು ಹನಿ.

ಅವರು ಕೆನ್ನೆ ಊದಿಸಿಕೊಂಡು ಬಂದು ಹತ್ತು ಗುಂಡು ಹಾರಿಸಿದರು. ಕೈ ಎತ್ತಿದರು. "ಇದು ಎಣ್ಣೆ ಕುಡಿದ ಸದ್ದು" ಅಂದರು. ಪುಸ್ತಕಕ್ಕೆ ಸೀಲು ಹಾಕುವ ಕಚೇರಿಯವರು ಆಗಲೇ ಬಂದಿದ್ದರು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಜಮಾನ್ರೇ, ಹಲ್ಲು ಕಿತ್ತೋರು ಜೊತೆಗೆ ಕಿವೀನೂ ಕಿತ್ತು ಕಳಿಸಿದ್ರಾ?" ಅಂದರು. ಶೆಡ್ಡಿನ ಎಣ್ಣೆ ಬೀರುವಿನ ಅರಗಿನ ಮುದ್ರೆ ಒಡೆದಿರಲಿಲ್ಲ. ಬೆರಳಿಟ್ಟು ನೋಡೋಣವೆಂದರೆ, ಮುಟ್ಟಿದರೆ ಪರೀಕ್ಷೆಯೇ ಕೆಟ್ಟ ಹಾಗೆ. ಅಪ್ಪ ನನ್ನ ಮುಖ ನೋಡಿದರು. ನಾನು ಅತ್ಯಂತ ಗಂಭೀರವಾಗಿ ಚಾವಣಿ ನೋಡಿದೆ.

ಎರಡು ಸಾವಿರ ಮುಗಿಯಿತು. ಒಮ್ಮೆಯೂ ನಿಲ್ಲಲಿಲ್ಲ. ಅಪ್ಪ ಸಹಿ ಹಾಕುವಾಗ ಪೆನ್ನನ್ನು ತುಂಬ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ತಿಂಗಳಾಗುವಷ್ಟರಲ್ಲಿ ತಾವೇ ಹೋಗಿ "ಕಿವಿ ನಂಬೋ ಹಾಗಿಲ್ಲ, ಕೆಲಸ ಬಿಟ್ಟುಬಿಡ್ತೀನಿ" ಎಂದು ಬರೆದುಕೊಟ್ಟು ಬಂದರು. ನಿನಗೆ ಬರೆದದ್ದು ವಯಸ್ಸಾಯಿತು ಅಂತ. ಕಿವಿಯ ಡಾಕ್ಟರು ಏನೂ ಆಗಿಲ್ಲ ಎಂದರೂ ಇವರು ಒಪ್ಪಲಿಲ್ಲ. "ಅವನಿಗೆ ಬಂದೂಕಿನ ಸದ್ದು ಏನ್ ಗೊತ್ತು?" ಅಂದರು. ಈಗ ಗೋಡೆ ಕಡೆ ಮುಖ ಮಾಡಿ ಚಪ್ಪಾಳೆ ತಟ್ಟಿಕೊಂಡು, ಕೇಳಿಸಿತೋ ಇಲ್ಲವೋ ಎಂದು ಯೋಚಿಸುತ್ತ ಕೂರುತ್ತಾರೆ. ನಾನು ಅದನ್ನೂ ತಮಾಷೆ ಮಾಡಿ ಅಮ್ಮನನ್ನು ನಗಿಸಿದ್ದೇನೆ.

ನಿನ್ನ ಕಾಗದ ಬಂದಾಗಿನಿಂದ ನಗು ಬರುತ್ತಿಲ್ಲ. ಬಾಗಿಲ ಚಿಲಕ ಸರಿಸಿದರೆ, ಯಾರಾದರೂ ಕೊಡೆ ಮಡಚಿದರೆ, ತಲೆಯೊಳಗೆ ಎಣಿಕೆ ಶುರುವಾಗುತ್ತದೆ. ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚಿದರೂ ನೀನು ಬೇಲಿಯ ಹತ್ತಿರ ನಿಂತಿರುತ್ತೀಯ. ಎದುರಿಗೆ ಯಾರೋ ಬರುತ್ತಿರುತ್ತಾರೆ, ಮುಖ ಕಾಣಿಸುವುದಿಲ್ಲ. ನೀನು ಟ್ರಿಗರ್ ಎಳೆಯುತ್ತೀಯ. ಟಕ್. ಅಷ್ಟೇ ಸದ್ದು. ನೀನು ತಿರುಗಿ ನನ್ನನ್ನು ನೋಡುತ್ತೀಯ. ಬೈಯುವುದೂ ಇಲ್ಲ.

ಇವತ್ತು ಬೆಳಿಗ್ಗೆ ಅಪ್ಪನ ಮುಂದೆ ಕೂತು ಹೇಳಿಬಿಟ್ಟೆ, ಎಣ್ಣೆ ಬಿಟ್ಟದ್ದು ನಾನೇ ಅಂತ. ಗಟ್ಟಿಯಾಗಿ ಹೇಳಲಿಲ್ಲ, ಮಾಮೂಲು ದನಿಯಲ್ಲೇ ಹೇಳಿದೆ. ಪೂರ್ತಿ ಕೇಳಿಸಿತು.

"ಹಲ್ಲು ಕೀಳಿಸಿದ ದಿನ?"

"ಹೂಂ."

"ಯಾಕೋ?"

"ಚೇಷ್ಟೆಗೆ."

ಹೊಡೆಯುತ್ತಾರೆ ಅಂದುಕೊಂಡೆ. ಅವರು ತಮ್ಮ ಎರಡೂ ಕಿವಿಗಳನ್ನು ಮೆಲ್ಲಗೆ ಮುಟ್ಟಿ ನೋಡಿಕೊಂಡರು, ಕಳೆದುಹೋದ ವಸ್ತು ಕೈಗೆ ಸಿಕ್ಕ ಹಾಗೆ. ಆಮೇಲೆ ಕೇಳಿದರು, "ಅದಕ್ಕೆ ಮುಂಚೆ ನಿಂತಿರಲಿಲ್ಲ ತಾನೆ?"

"ಇಲ್ಲ."

ತಕ್ಷಣ ಕಾಗದ ತರಿಸಿ ಬರೆದರು: ಮುನ್ನೂರ ಅರವತ್ತು ಗುಂಡಿನವರೆಗೆ ಒಣಗಿಯೇ ಓಡಿದೆ, ಅಲ್ಲಿಂದಾಚೆಯದು ಗೊತ್ತಿಲ್ಲ, ಹಳೆಯ ಪತ್ರವನ್ನು ಹರಿದುಹಾಕಿ, ತಪ್ಪು ನನ್ನದು. "ನಿಮ್ಮದಲ್ಲ, ನನ್ನದು ಅಂತ ಬರೀರಿ" ಅಂದೆ. "ಸಹಿ ಯಾರದ್ದೋ?" ಅಂದರು. ಅಂಗಿ ಹಾಕಿಕೊಂಡು ಕಚೇರಿಗೆ ಹೊರಟೇಬಿಟ್ಟರು. ಅಮ್ಮ ಸೂಜಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಾಳೆ.

ಆದರೆ ಅಲ್ಲಿಂದ ಬರುವ ಆಜ್ಞೆ ಆರು ಮೇಜು ದಾಟಿ ನಿಮ್ಮಲ್ಲಿಗೆ ತಲುಪಬೇಕು. ನಿಮ್ಮ ಅಂಚೆ ಗಾಡಿ ವಾರಕ್ಕೊಂದೇ, ನಾಳೆ ಹೊರಡುತ್ತದೆ. ಈ ಕಾಗದ ಅದರಲ್ಲಿ ಬರುತ್ತದೆ. ಆದ್ದರಿಂದ ಇದು ಮಹಾರಾಣಿಯ ಮಾಜಿ ಅಭ್ಯಂಜನಾಧಿಕಾರಿಯ ಕಟ್ಟಪ್ಪಣೆ: ಓದಿದ ಕ್ಷಣವೇ ರೈಫಲ್ಲು ಬಿಚ್ಚು. ಮಸಿಯನ್ನೆಲ್ಲ ಉಜ್ಜಿ ತೆಗೆ. ನಳಿಗೆ ಒರೆಸು. ಎಣ್ಣೆ ಇಲ್ಲದಿದ್ದರೆ ಗಾಡಿ ಓಡಿಸುವವನ ಕಾಲು ಹಿಡಿದಾದರೂ ಇಸಿದುಕೋ. ಜೊತೆಯವರೆಲ್ಲರಿಗೂ ಹೇಳು, ಸಾಹೇಬರಿಗೆ ಈ ಕಾಗದವನ್ನೇ ತೋರಿಸು. ನನ್ನ ಕೆಲಸ ಹೋಗುತ್ತದೆ, ಹೋಗಲಿ.

ಚಿಕ್ಕವನು ದೊಡ್ಡವನಿಗೆ ಆಶೀರ್ವಾದ ಮಾಡುವುದು ಅಧಿಕಪ್ರಸಂಗ. ಆದರೂ ಮಾಡುತ್ತೇನೆ: ನೂರು ವರ್ಷ ಬಾಳು. ತಲೆ ನೆರೆಯಲಿ, ಬೊಚ್ಚುಬಾಯಿಯಾಗು, ಕೋಲೂರಿಕೊಂಡು ಬಂದು ನನ್ನ ಬೆನ್ನಿಗೆ ನಾಲ್ಕು ಬಾರಿಸು.

ಇಂತಿ ನಿನ್ನ,
ಮನೆಹಾಳ ತಮ್ಮ

ಮರೆತ ಮಾತು: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಕಚೇರಿಗೆ ಒಯ್ದ ಕಾಗದವೂ ಸುಳ್ಳು. ಅದು ನಿಂತಿತ್ತು, ಅಣ್ಣ. ಮುನ್ನೂರ ಎಪ್ಪತ್ತನಾಲ್ಕನೆಯ ಗುಂಡಿಗೆ. ಅಪ್ಪ ಹಲ್ಲಿಗೆಂದು ಹೋದ ಮೇಲೆ, ಬರುವಷ್ಟರಲ್ಲಿ ನೂರು ಮುಗಿಸಿ ಭೇಷ್ ಅನ್ನಿಸಿಕೊಳ್ಳೋಣವೆಂದು ನಾನೊಬ್ಬನೇ ಹಾರಿಸುತ್ತಿದ್ದೆ. ಖಾಲಿ ತೋಟಾ ಅರ್ಧ ಹೊರಗೆ ಬಂದು ಕಚ್ಚಿಕೊಂಡಿತು. ಅದು ನಿಲ್ಲಲಿ ಎಂದೇ ನಾವು ಮೂರು ದಿನದಿಂದ ಕಾದು ಕೂತದ್ದು. ಅಪ್ಪ ಐನೂರು ದಾಟಲ್ಲ ಅಂದದ್ದೂ ಸರಿಯಾಗಿತ್ತು. ಸುಮ್ಮನೆ ಕೈಕಟ್ಟಿ ನಿಂತಿದ್ದರೆ ಸಾಕಿತ್ತು. ನಾನು ಕೆಡಿಸಿಬಿಟ್ಟೆ ಅಂದುಕೊಂಡೆ. "ನಿನ್ನ ಕೈಗೆ ಕೊಟ್ರೆ ಮುಗೀತು" ಅಂತ ಅಪ್ಪ ಅನ್ನುತ್ತಾರಲ್ಲ, ಅದೇ ಕಿವಿಯಲ್ಲಿ ಕೇಳಿಸಿತು. ತೋಟಾ ಕಿತ್ತೆಸೆದು, ಹಾರಿಸಿದ ಹದಿನಾಲ್ಕನ್ನೂ ಲೆಕ್ಕದಿಂದ ಮುಚ್ಚಿಟ್ಟು, ಮನೆಗೆ ಓಡಿಬಂದು ಅಮ್ಮನ ಡಬ್ಬಿ ತೆಗೆದುಕೊಂಡು ಹೋದೆ. ಆಮೇಲೆ ಮತ್ತೆ ನಿಂತರೆ ಮೊದಲಿನದೂ ಗೊತ್ತಾಗುತ್ತದೆಂದು ದಿನಾ ಎಣ್ಣೆ ಬಿಡುತ್ತಾ ಹೋದೆ. ಇವತ್ತು ಅಪ್ಪ ಯಾಕೆ ಅಂತ ಕೇಳಿದಾಗಲೂ ಚೇಷ್ಟೆ ಅನ್ನುವುದೇ ಸುಲಭವಾಯಿತು.

ನಾನು ಚೇಷ್ಟೆ ಮಾಡಿರಲಿಲ್ಲ. ಹೆದರಿಕೊಂಡಿದ್ದೆ.