ದೊಡ್ಡಿಗೆ ಬಿದ್ದ ಹಡಗು

ಸಿಂಗಪುರ ಬಂದರು
ಜೂನ್ 1984

ದೇವರಾಯಸಮುದ್ರದಲ್ಲಿ ಬೀದಿ ದನದ ದೊಡ್ಡಿ ಕಾಯುವ ಚಿಕ್ಕಪ್ಪನವರಿಗೆ, ಹಡಗಿನ ಅಡುಗೆಮನೆಯಿಂದ ಕೋದಂಡನ ನಮಸ್ಕಾರ.

ಸರಕು ನೆನೆದು ಹಾಳಾಯಿತೆಂಬ ದೂರಿನ ಮೇಲೆ ಕೋರ್ಟಿನವರು ನಮ್ಮ ಹಡಗನ್ನೇ ಜಪ್ತಿ ಮಾಡಿದ್ದಾರೆ. ಅಮೀನ ಬಂದು ಹಡಗಿನ ಕಂಬಕ್ಕೆ ನೋಟೀಸು ಅಂಟಿಸಿ ಹೋದ. ಮಾಲೀಕರು ಸಿಗದಿದ್ದರಿಂದ ಪ್ರತಿವಾದಿ ಹಡಗೇ ಅಂತೆ! ಹಡಗಿನ ಹಿಂಬದಿಯಲ್ಲಿ ಪನಾಮಾ ಎಂದು ದೇಶದ ಹೆಸರು ಬರೆದಿದೆ. ಆ ದೇಶದಲ್ಲಿರುವುದು ಬರೀ ಹೆಸರಿಗೊಂದು ಕಂಪನಿ. ಆ ಕಂಪನಿ ಯಾವುದೋ ದ್ವೀಪದ ಇನ್ನೊಂದು ಕಂಪನಿಯದು, ಅದು ಒಂದು ಟ್ರಸ್ಟಿನದು. ಕಾಗದ ತೋರಿಸಿದ್ದು ಸಾಕು, ಮನುಷ್ಯ ಬರಲಿ ಎಂದು ಜಡ್ಜು ಈಗ ಪಟ್ಟು ಹಿಡಿದಿದ್ದಾರೆ. ಅಲ್ಲಿಯವರೆಗೆ ನಾವೂ ಇಳಿಯುವಂತಿಲ್ಲ. ನೀವು ದನಗಳಿಗೆ ಹುಲ್ಲು ಹಾಕುವ ಹಾಗೆ ಕೋರ್ಟಿನವರೇ ನಮಗೆ ಅಕ್ಕಿ, ತರಕಾರಿ ಕಳಿಸುತ್ತಾರೆ. ಆರೋಗ್ಯವಾಗಿದ್ದೇನೆಂದು ಅಮ್ಮನಿಗೆ ಹೇಳಿ.

ಈ ಕಾರ್ಡು ಒಯ್ಯುವ ದೋಣಿಯವನು ಅವಸರ ಮಾಡುತ್ತಿದ್ದಾನೆ, ಇದೊಂದು ಹೇಳಿಬಿಡುತ್ತೇನೆ. ಹಸು ಬಿಡಿಸಿಕೊಳ್ಳಲು ಯಾರೂ ಬರದಿದ್ದರೆ ನೀವು, "ಬಿಟ್ಬಿಡ್ರಲಾ, ಅದೇ ಮನೆ ತೋರಿಸ್ತದೆ" ಅಂದು ಅದರ ಹಿಂದೆಯೇ ಹೋಗುತ್ತಿದ್ದಿರಲ್ಲ, ಅದನ್ನು ನಮ್ಮ ಕ್ಯಾಪ್ಟನ್‌ಗೆ ಹೇಳಿದೆ. ಅವರು ನಗಲಿಲ್ಲ. "ಇಷ್ಟು ವರ್ಷ ಈ ಹಡಗನ್ನು ನಡೆಸಿದವನು ನಾನೇ, ಬಿಟ್ಟರೆ ಇದು ಯಾರ ಬಾಗಿಲಿಗೆ ಹೋಗಿ ನಿಲ್ಲಬೇಕೆಂದು ನನಗೂ ಗೊತ್ತಿಲ್ಲ" ಅಂದರು.

ನಿಮ್ಮ ಕೋದಂಡ